ಹೊಳೆ ದಾಟದ ದೋಣಿ

ಕನ್ನಡದಲ್ಲಿ ದೋಣಿ ಇರುವುದು ದಾಟುವುದಕ್ಕೆ. ಈ ದಡದಲ್ಲಿ ಹತ್ತಿದವರನ್ನು ಆ ದಡದಲ್ಲಿ ಇಳಿಸುವವನು ಅಂಬಿಗ. ಶರಣರೂ ದಾಸರೂ ಅಂಬಿಗನ ಮಾತೆತ್ತಿದಾಗ ಅವರ ಕಣ್ಣ ಮುಂದಿದ್ದದ್ದು ಇದೇ ಕೆಲಸ. ನಮ್ಮ ಗಾದೆಯೂ ದಾಟುವುದರ ಮೇಲೆಯೇ ನಿಂತಿದೆ: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಬೆಳಗ್ಗೆ ಆರಕ್ಕೆ ದೋಣಿಯನ್ನು ನೀರಿಗಿಳಿಸಿ, ಎರಡು ಗಂಟೆ ಹುಟ್ಟು ಹಾಕಿ, ಹೊರಟ ದಡಕ್ಕೇ ಮರಳಿ, ಮೈ ಒರೆಸಿಕೊಂಡು ತಿಂಡಿಗೆ ಹೋಗುವ ಮನುಷ್ಯ ನಮ್ಮ ಹಳೆಯ ಮಾತುಗಳಲ್ಲಿ ಎಲ್ಲೂ ಸಿಗುವುದಿಲ್ಲ.

ಈಗ ಅವನಿದ್ದಾನೆ, ಅವಳೂ ಇದ್ದಾಳೆ. ಚೆನ್ನೈ ಪಕ್ಕದ ಕೋವಳಂನಲ್ಲಿ, ಹೈದರಾಬಾದಿನ ದುರ್ಗಂ ಚೆರುವಿನಲ್ಲಿ, ಋಷಿಕೇಶದ ಗಂಗೆಯಲ್ಲಿ, ಮುಲ್ಕಿಯ ಶಾಂಭವಿ ಹೊಳೆಯಲ್ಲಿ ಶನಿವಾರ, ಭಾನುವಾರ ಇವರನ್ನು ಕಾಣಬಹುದು. ಕಯಾಕ್, ಕನೂ, ಪ್ಯಾಡಲ್‌ಬೋರ್ಡ್ ಎಂಬ ಮಾತುಗಳು ಐಟಿ ಕಂಪನಿಗಳ ಊಟದ ಮೇಜಿಗೂ ಬಂದಿವೆ. ಈ ಪತ್ರ ಓದುವವರಲ್ಲೂ ಒಂದಿಬ್ಬರು ಕಲಿಯಲು ಹೆಸರು ಕೊಟ್ಟಿರಬಹುದು. ಎಲ್ಲಿಗೂ ಹೋಗಬೇಕಿಲ್ಲದೆ ದೋಣಿ ಹತ್ತುವ ಈ ಅಭ್ಯಾಸ ಎಲ್ಲಿಂದ ಬಂತು? ಅದರಲ್ಲಿ ಯಾರ ಹಂಗಿದೆ? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ.

ವಕೀಲನ ರಜೆ

1825ರ ಮಾರ್ಚ್ 1ರಂದು, ಸೈನಿಕರನ್ನು ಹೊತ್ತು ಬಂಗಾಳದ ಕಡೆ ಹೊರಟಿದ್ದ 'ಕೆಂಟ್' ಎಂಬ ಹಡಗಿಗೆ ಬಿಸ್ಕೇ ಕೊಲ್ಲಿಯಲ್ಲಿ ಬೆಂಕಿ ಬಿತ್ತು. ಹತ್ತಿರದಲ್ಲಿ ಸಾಗುತ್ತಿದ್ದ 'ಕೇಂಬ್ರಿಯಾ' ಎಂಬ ಸಣ್ಣ ಹಡಗು ಐನೂರಕ್ಕೂ ಹೆಚ್ಚು ಜನರನ್ನು ಕಾಪಾಡಿತು. ಮೊದಲ ದೋಣಿಯಲ್ಲಿ ಇಳಿದವರಲ್ಲಿ ಸೇನಾಧಿಕಾರಿಯೊಬ್ಬರ ಐದು ವಾರದ ಕೂಸೂ ಇತ್ತು. ಹೆಸರು ಜಾನ್ ಮ್ಯಾಕ್‌ಗ್ರೆಗರ್. ನಲವತ್ತು ವರ್ಷಗಳ ನಂತರ ದೋಣಿ ಹವ್ಯಾಸಕ್ಕೆ ನಾಂದಿ ಹಾಡಿದವನು ಇವನೇ.

ಮ್ಯಾಕ್‌ಗ್ರೆಗರ್ ಲಂಡನ್ನಿನಲ್ಲಿ ವಕೀಲನಾಗಿದ್ದ. ಕೈಯಲ್ಲಿ ಹಣವೂ ಬಿಡುವೂ ಇದ್ದವು, ಸುತ್ತುವ ಹುಚ್ಚಿತ್ತು. ಉತ್ತರ ಅಮೆರಿಕಕ್ಕೂ ಹೋಗಿ ಅಲ್ಲಿನ ಮೂಲನಿವಾಸಿಗಳ ದೋಣಿಗಳನ್ನು ಕಂಡುಬಂದಿದ್ದ. 1865ರಲ್ಲಿ ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ ತನಗೆಂದೇ ಒಂದು ದೋಣಿ ಮಾಡಿಸಿದ. ಓಕ್ ಮರದ ಒಡಲು, ಮೇಲೆ ಸೀಡರ್ ಹಲಗೆಯ ಹೊದಿಕೆ, ನಡುವೆ ಒಬ್ಬ ಕೂರುವಷ್ಟು ಕಂಡಿ. ಉದ್ದ 15 ಅಡಿ, ಅಗಲ 28 ಇಂಚು, ಆಳ 9 ಇಂಚು, ತೂಕ ಸುಮಾರು 36 ಕಿಲೋ. ಎರಡೂ ತುದಿಯಲ್ಲಿ ಅಲಗಿರುವ 7 ಅಡಿಯ ಹುಟ್ಟು. ದೋಣಿಗೆ 'ರಾಬ್ ರಾಯ್' ಎಂದು ಹೆಸರಿಟ್ಟ. ಉದ್ದ 15 ಅಡಿಗೇ ನಿಂತದ್ದಕ್ಕೆ ಕಾರಣವಿತ್ತು: ಜರ್ಮನಿಯ ರೈಲು ಬೋಗಿಯಲ್ಲಿ ಅದು ಹಿಡಿಯಬೇಕಿತ್ತು.

ಆ ಬೇಸಿಗೆಯಲ್ಲಿ ಅವನು ಮ್ಯೂಸ್, ರೈನ್, ಡ್ಯಾನ್ಯೂಬ್, ಮೊಸೆಲ್, ಸೇನ್ ಮುಂತಾದ ನದಿಗಳಲ್ಲೂ ಸ್ವಿಟ್ಜರ್ಲೆಂಡಿನ ಸರೋವರಗಳಲ್ಲೂ ಸುಮಾರು ಸಾವಿರ ಮೈಲಿ ತಿರುಗಿದ. ಒಂದು ನದಿಯಿಂದ ಇನ್ನೊಂದಕ್ಕೆ ದೋಣಿ ರೈಲಿನಲ್ಲೋ ಎತ್ತಿನ ಗಾಡಿಯಲ್ಲೋ ಹೋಗುತ್ತಿತ್ತು. ರಾತ್ರಿಯಾದರೆ ಅವನು ಹೋಟೆಲಿನಲ್ಲಿ ತಂಗುತ್ತಿದ್ದ. 1866ರಲ್ಲಿ ಅವನು ಪ್ರಕಟಿಸಿದ ಪ್ರವಾಸದ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಅದರಲ್ಲಿ ಅವನು ಮುಂದಿಟ್ಟ ವಾದಗಳಲ್ಲೊಂದು ಬಹಳ ಸರಳ: ಇಂಗ್ಲೆಂಡಿನವರಿಗೆ ರೂಢಿಯಿದ್ದ ದೋಣಿಯಲ್ಲಿ ಹುಟ್ಟು ಹಾಕುವವನು ಬೆನ್ನು ಮುಂದೆ ಮಾಡಿ ಕೂರಬೇಕು, ಬಿಟ್ಟುಬಂದದ್ದನ್ನಷ್ಟೇ ನೋಡಬೇಕು. ಇದರಲ್ಲಾದರೋ ಮುಖ ಮುಂದಕ್ಕೆ. ಬರುವ ತಿರುವು, ಬಂಡೆ, ಹಕ್ಕಿ, ಸೇತುವೆ ಎಲ್ಲವೂ ಕಣ್ಣೆದುರಿಗೆ. ಹುಟ್ಟು ಹಾಕುವುದು ಕೂಲಿಯ ಕೆಲಸವೆಂದುಕೊಂಡಿದ್ದ ಜನಕ್ಕೆ ಅದು ನೋಡುವ ಸುಖವೂ ಹೌದು ಎಂದು ಅವನು ತೋರಿಸಿಕೊಟ್ಟ.

ಅದೇ 1866ರಲ್ಲಿ ಲಂಡನ್ ಬಳಿ ಕನೂ ಕ್ಲಬ್ ಹುಟ್ಟಿತು. ವೇಲ್ಸ್ ರಾಜಕುಮಾರನೇ ಅದಕ್ಕೆ ಹಿರಿಯನಾದ. ಮುಂದೆ ಅದರ ಹೆಸರಿಗೆ 'ರಾಯಲ್' ಸೇರಿತು. 1876ರಲ್ಲಿ ಇನ್ನೂ ಹೆಸರು ಮಾಡದಿದ್ದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಗೆಳೆಯನೊಡನೆ ಬೆಲ್ಜಿಯಂ, ಫ್ರಾನ್ಸ್‌ಗಳ ಕಾಲುವೆ, ನದಿಗಳಲ್ಲಿ ಇಂಥದೇ ದೋಣಿಯಲ್ಲಿ ಹೋದ. ಅವನ ಮೊದಲ ಪುಸ್ತಕ ಹುಟ್ಟಿದ್ದು ಆ ಪ್ರವಾಸದಿಂದ. 1880ರಲ್ಲಿ ಅಮೆರಿಕದ ಲೇಕ್ ಜಾರ್ಜ್ ದಂಡೆಯಲ್ಲಿ ಅಲ್ಲಿನ ಕನೂ ಸಂಘ ಸ್ಥಾಪನೆಯಾಯಿತು. ಹದಿನೈದು ವರ್ಷಗಳಲ್ಲಿ ಒಬ್ಬ ವಕೀಲನ ರಜೆ ಎರಡು ಖಂಡಗಳ ಆಟವಾಗಿತ್ತು.

ಮೈಯಳತೆಯ ದೋಣಿ

ಮ್ಯಾಕ್‌ಗ್ರೆಗರ್ ತನ್ನ ದೋಣಿಯನ್ನು ಕನೂ ಎಂದು ಕರೆದ. ಅದು ಕೆರಿಬಿಯನ್ ದ್ವೀಪಗಳ ಟೈನೋ ಜನರ ಮಾತು. ಕೊಲಂಬಸನ ಕಾಲದಲ್ಲಿ ಸ್ಪ್ಯಾನಿಷ್ ಭಾಷೆಗೆ ಸೇರಿ ಯುರೋಪಿನ ಮಾತಾಯಿತು. ಉತ್ತರ ಅಮೆರಿಕದಲ್ಲಿ ಅದೇ ಹೆಸರು ಬರ್ಚ್ ಮರದ ತೊಗಟೆಯ ತೆರೆದ ದೋಣಿಗಳಿಗೆ ಅಂಟಿಕೊಂಡಿತು. ಕೆನಡಾದ ತುಪ್ಪಳ ವ್ಯಾಪಾರವೆಲ್ಲ ನಡೆದದ್ದು ಆ ದೋಣಿಗಳ ಮೇಲೆ. ಅವುಗಳಲ್ಲಿ ದೊಡ್ಡವು 36 ಅಡಿ ಉದ್ದವಿದ್ದು ಟನ್ನುಗಟ್ಟಲೆ ಸರಕು ಹೊರುತ್ತಿದ್ದವು. ನೀರಿನ ದಾರಿ ಮುಗಿದಲ್ಲಿ ಆಳುಗಳು ಮೂಟೆಗಳನ್ನೂ ದೋಣಿಯನ್ನೂ ಹೆಗಲ ಮೇಲೆ ಹೊತ್ತು ಮುಂದಿನ ನೀರಿಗೆ ನಡೆಯುತ್ತಿದ್ದರು.

ಆದರೆ ರಾಬ್ ರಾಯ್‌ನ ರೂಪ ನೋಡಿದರೆ ಅದರ ತವರು ಬೇರೆ ಎಂದು ತಿಳಿಯುತ್ತದೆ. ಮೇಲೆ ಮುಚ್ಚಿದ ಹೊದಿಕೆ, ಒಬ್ಬನಿಗಷ್ಟೇ ಕಂಡಿ, ಎರಡಲಗಿನ ಹುಟ್ಟು: ಇವೆಲ್ಲ ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರ ಕಯಾಕ್‌ನ ಗುರುತುಗಳು. ಕಯಾಕಿಗೂ ನಮ್ಮ ಕಾಯಕಕ್ಕೂ ಪದದ ನಂಟಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ ಮಾತ್ರ ಅದು ಅಕ್ಷರಶಃ ಕಾಯಕವೇ ಆಗಿತ್ತು. ಸೀಲ್ ಪ್ರಾಣಿ ಸಿಕ್ಕರೆ ಮಾಂಸ, ದೀಪಕ್ಕೆ ಕೊಬ್ಬು, ಬಟ್ಟೆಗೆ ಚರ್ಮ. ಸಿಗದಿದ್ದರೆ ಮನೆಮಂದಿಗೆ ಉಪವಾಸ. ಆ ಸೀಲನ್ನು ಸದ್ದಿಲ್ಲದೆ ಸಮೀಪಿಸುವ ಸಾಧನ ಕಯಾಕ್.

ಮರ ಬೆಳೆಯದ ನಾಡಿನಲ್ಲಿ, ಸಮುದ್ರ ತೇಲಿಸಿ ತಂದ ಮರದ ತುಂಡುಗಳಿಂದ ಅದರ ಹಂದರ ಕಟ್ಟುತ್ತಿದ್ದರು. ಸೀಲ್ ಚರ್ಮವನ್ನು ನೀರು ಒಳಗೆ ಬಾರದಂತೆ ಹೊಲಿಯುವುದು ಹೆಂಗಸರ ವಿದ್ಯೆ. ಬೇಟೆಗಾರನ ಜೀವ ಆ ಹೊಲಿಗೆಯ ಮೇಲೆ ನಿಂತಿರುತ್ತಿತ್ತು. ಅಳತೆಗೆ ಬೇರೆ ಕೋಲಿಲ್ಲ. ಬೇಟೆಗಾರ ಎರಡೂ ತೋಳು ಚಾಚಿದಾಗ ಬರುವ ಮಾರು, ಅವನ ಸೊಂಟದ ಅಗಲ, ಅವನ ಮುಷ್ಟಿ, ಬೆರಳು, ಇವೇ ಅಳತೆ. ಒಬ್ಬನ ಕಯಾಕ್ ಇನ್ನೊಬ್ಬನಿಗೆ ಹೊಂದುವುದಿಲ್ಲ, ಚಪ್ಪಲಿಯಂತೆ. ಬೇಟೆಗಾರನ ದೋಣಿ ಅವನ ಮೈಗೆ ಹೊಂದಬೇಕಿತ್ತು. ವಕೀಲನ ದೋಣಿ ರೈಲು ಬೋಗಿಗೆ ಹೊಂದಬೇಕಿತ್ತು. ಕಾಯಕಕ್ಕೂ ಹವ್ಯಾಸಕ್ಕೂ ನಡುವಿನ ದೂರವನ್ನು ಈ ಎರಡು ಅಳತೆಗಳೇ ಹೇಳುತ್ತವೆ.

ಆ ಕಾಯಕದಲ್ಲಿ ಭಯವೂ ಇತ್ತು. ಅಲೆಯಿಲ್ಲದ ದಿನ ಸಮುದ್ರ ಕನ್ನಡಿಯಂತಾಗಿ, ಎದುರಿನ ಸೂರ್ಯ ಕಣ್ಣು ಕುಕ್ಕುವಾಗ, ಅಲುಗಾಡದೆ ಕಾದು ಕೂತ ಬೇಟೆಗಾರನಿಗೆ ನೀರೆಲ್ಲಿ, ಆಕಾಶವೆಲ್ಲಿ ಎಂಬುದೇ ಮರೆಯಾಗುತ್ತಿತ್ತು. ದೋಣಿ ಮುಳುಗುತ್ತಿದೆ ಎಂಬ ಭ್ರಮೆ ಆವರಿಸಿ ಕೈಕಾಲು ಮರಗಟ್ಟುತ್ತಿದ್ದವು. ಈ ಭಯ ಒಮ್ಮೆ ಹಿಡಿದ ಮೇಲೆ ಮತ್ತೆಂದೂ ಕಡಲಿಗಿಳಿಯದೆ ಉಳಿದವರುಂಟು. ಡೆನ್ಮಾರ್ಕಿನ ವೈದ್ಯರು ಇದನ್ನೊಂದು ಕಾಯಿಲೆಯೆಂದೇ ದಾಖಲಿಸಿದ್ದಾರೆ.

ದರ್ಜಿ ಹೊಲಿದ ದೋಣಿ

ಮ್ಯಾಕ್‌ಗ್ರೆಗರನ ಆಟ ಉಳ್ಳವರ ಆಟವಾಗಿತ್ತು. ಅದನ್ನು ಗುಮಾಸ್ತರಿಗೂ ಕಾರ್ಮಿಕರಿಗೂ ತಲುಪಿಸಿದ್ದು ಜರ್ಮನಿ. 1905ರಲ್ಲಿ ಮ್ಯೂನಿಕ್‌ನ ಆಲ್ಫ್ರೆಡ್ ಹ್ಯೂರಿಕ್ ಎಂಬ ವಾಸ್ತುಶಿಲ್ಪದ ವಿದ್ಯಾರ್ಥಿ ಮರದ ಕಡ್ಡಿಗಳ ಹಂದರಕ್ಕೆ ಬಟ್ಟೆ ತೊಡಿಸಿ, ಬೇಕಾದಾಗ ಬಿಚ್ಚಿ ಮಡಚಿಡಬಹುದಾದ ಕಯಾಕ್ ಮಾಡಿದ. ರೋಸೆನ್‌ಹೈಮ್ ಊರಿನ ದರ್ಜಿ ಯೋಹಾನ್ ಕ್ಲೆಪ್ಪರ್ 1907ರಲ್ಲಿ ಅದರ ಹಕ್ಕು ಕೊಂಡು ತಯಾರಿಸತೊಡಗಿದ. ಹಂದರ, ಅದರ ಮೇಲೆ ಹೊಲಿದ ತೊಗಲು: ಇನ್ಯೂಟ್ ಹೆಂಗಸರ ಕೆಲಸವೇ ದರ್ಜಿಯ ಅಂಗಡಿಯಲ್ಲಿ ಬೇರೆ ವೇಷ ತೊಟ್ಟಿತ್ತು. ಚೀಲದಲ್ಲಿ ದೋಣಿ ಹೊತ್ತು ರೈಲು ಹತ್ತಿ, ಬೆಟ್ಟದ ಬುಡದಲ್ಲಿ ಇಳಿದು, ಹೊಳೆಯಗುಂಟ ತೇಲುತ್ತ ಊರಿಗೆ ಮರಳುವುದು 1920ರ ದಶಕದ ಜರ್ಮನಿಯಲ್ಲಿ ವಾರದ ರಜೆಯ ರೂಢಿಯಾಯಿತು. ಈ ಜನಪ್ರಿಯತೆಯ ಬೆನ್ನಿಗೇ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕಯಾಕ್, ಕನೂ ಸ್ಪರ್ಧೆಗಳಿಗೆ ಪದಕ ಸಿಕ್ಕವು.

ಈ ಮಡಚುವ ದೋಣಿಯೊಂದು ನಮ್ಮ ಕಡಲನ್ನೂ ಕಂಡಿದೆ. ಹ್ಯಾಂಬರ್ಗಿನ ಆಸ್ಕರ್ ಸ್ಪೆಕ್ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವನು. 1932ರಲ್ಲಿ ಉಲ್ಮ್ ಪಟ್ಟಣದಲ್ಲಿ ಡ್ಯಾನ್ಯೂಬ್ ನದಿಗೆ ದೋಣಿ ಇಳಿಸಿದ. ಸೈಪ್ರಸ್‌ನ ತಾಮ್ರದ ಗಣಿಯಲ್ಲಿ ಕೆಲಸ ಹುಡುಕುವುದು ಅವನ ಎಣಿಕೆ. ಸೈಪ್ರಸ್ ತಲುಪಿದ ಮೇಲೆ ನಿಲ್ಲುವ ಮನಸ್ಸಾಗಲಿಲ್ಲ. ಯೂಫ್ರೆಟಿಸ್ ನದಿ, ಪರ್ಷಿಯನ್ ಕೊಲ್ಲಿ ದಾಟಿ, ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಇಳಿದು 1935ರಲ್ಲಿ ಸಿಲೋನ್ ಸೇರಿದ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯೂ ಆ ದಾರಿಯಲ್ಲೇ ಬರುತ್ತದೆ. ಆಮೇಲೆ ಪೂರ್ವ ಕರಾವಳಿ ಹಿಡಿದು ಬರ್ಮಾ, ಇಂಡೋನೇಷ್ಯಾ ದಾಟಿ 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ದ್ವೀಪವೊಂದರ ದಡ ಮುಟ್ಟಿದ. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ದಡದಲ್ಲಿದ್ದ ಪೊಲೀಸರು ಅಭಿನಂದಿಸಿದರು, ಹಿಂದೆಯೇ ಶತ್ರುದೇಶದವನೆಂದು ಬಂಧಿಸಿದರು. ಏಳು ವರ್ಷಗಳಲ್ಲಿ ಅವನು ಕ್ರಮಿಸಿದ ದೂರ ಸುಮಾರು 50,000 ಕಿಲೋಮೀಟರ್. ಹೊಟ್ಟೆಪಾಡಿಗೆ ಹೊರಟದ್ದು ಹವ್ಯಾಸವಾಗಿ, ಹವ್ಯಾಸ ಬದುಕಾಗಿ ಹೋದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗಲಿಕ್ಕಿಲ್ಲ.

ಮಗುಚಿ ಏಳುವ ವಿದ್ಯೆ

ದೋಣಿಯನ್ನು ಕೊಳ್ಳಬಹುದು, ನಕಲು ಮಾಡಬಹುದು. ಅದರಲ್ಲಿ ಬದುಕಿ ಉಳಿಯುವ ವಿದ್ಯೆಯನ್ನು ಮಾತ್ರ ಯಾರೋ ಕಲಿಸಬೇಕು. ಕಯಾಕ್ ಮಗುಚಿದರೆ ತಲೆ ನೀರೊಳಗೆ, ಕಾಲು ದೋಣಿಯೊಳಗೆ. ಹಿಮದ ನೀರಿನಲ್ಲಿ ಹೊರಬಂದು ಈಜುತ್ತೇನೆಂದರೆ ಕೆಲವೇ ನಿಮಿಷದ ಆಯುಷ್ಯ. ಹಾಗಾಗಿ ಗ್ರೀನ್‌ಲ್ಯಾಂಡಿನವರು ದೋಣಿಯಿಂದ ಹೊರಬಾರದೆ, ಹುಟ್ಟನ್ನು ನೀರಿನ ಮೇಲ್ಪದರದಲ್ಲಿ ಬೀಸಿ, ಸೊಂಟ ತಿರುವಿ ಮತ್ತೆ ಮೇಲೇಳುವ ವಿದ್ಯೆ ಬೆಳೆಸಿದ್ದರು. ಹುಟ್ಟು ಕೈತಪ್ಪಿದರೆ ಬೇಟೆಯ ಕೋಲಿನಿಂದ ಏಳುವುದು, ಅದೂ ಇಲ್ಲದಿದ್ದರೆ ಬರಿಗೈಯಲ್ಲಿ ಏಳುವುದು ಹೀಗೆ ಹತ್ತಾರು ಬಗೆ. ಒಂದೊಂದರ ಹಿಂದೆಯೂ ಒಂದೊಂದು ಅಪಾಯದ ಲೆಕ್ಕವಿದೆ.

ಯುರೋಪಿನವರಿಗೆ ಇದು ಬಹಳ ಕಾಲ ಬರೀ ಓದಿದ ಸಂಗತಿಯಾಗಿತ್ತು. 1927ರಲ್ಲಿ ಆಸ್ಟ್ರಿಯಾದ ಎಡಿ ಹಾನ್ಸ್ ಪಾವ್ಲಾಟಾ ಧ್ರುವಯಾತ್ರಿಕರ ಬರಹಗಳನ್ನು ಓದಿ ಓದಿ, ಸರೋವರದಲ್ಲಿ ಮುಳುಗಿ ಮುಳುಗಿ, ಕೊನೆಗೆ ಎದ್ದ. ಇಂದಿಗೂ ಆ ಒಂದು ಬಗೆಗೆ ಅವನ ಹೆಸರೇ ಇದೆ. ಗ್ರೀನ್‌ಲ್ಯಾಂಡಿನಲ್ಲಿ ಅದನ್ನು ಮೊದಲು ಮಾಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇಂಗ್ಲೆಂಡಿನ ಜೀನೋ ವಾಟ್ಕಿನ್ಸ್ ಪುಸ್ತಕ ಬಿಟ್ಟು ನೇರ ಗುರುಗಳ ಬಳಿ ಹೋದ. 1930–31ರ ಧ್ರುವಯಾತ್ರೆಯ ಮುಂದಾಳಾಗಿದ್ದ ಅವನು ಪೂರ್ವ ಗ್ರೀನ್‌ಲ್ಯಾಂಡಿನ ಬೇಟೆಗಾರರಿಂದ ಕಯಾಕ್ ಕಲಿತು, ಅವರಂತೆಯೇ ಸೀಲ್ ಬೇಟೆಯಾಡಿ ತಂಡಕ್ಕೆ ಆಹಾರ ತರತೊಡಗಿದ. 1932ರ ಆಗಸ್ಟ್ 20ರಂದು ಒಬ್ಬನೇ ಬೇಟೆಗೆ ಹೋದವನು ಮರಳಲಿಲ್ಲ. ಖಾಲಿ ಕಯಾಕ್ ತೇಲುತ್ತಿತ್ತು. ಅವನಿಗೆ 25 ವರ್ಷ. ಒಂಟಿಯಾಗಿ ನೀರಿಗಿಳಿಯಬೇಡಿ ಎಂದು ಇಂದಿನ ತರಬೇತುದಾರರು ಮೊದಲ ದಿನವೇ ಹೇಳುವ ಮಾತಿಗೆ ಇಂಥ ಸಾವುಗಳ ತೂಕವಿದೆ.

ಇಂದು ಜಗತ್ತಿನಾದ್ಯಂತ ಮಾರಾಟವಾಗುವ ಸಮುದ್ರ ಕಯಾಕ್‌ಗಳ ಮೈಕಟ್ಟಿನಲ್ಲೂ ಇಂಥದೇ ಒಂದು ಸಾಲ ಅಡಗಿದೆ. 1959ರಲ್ಲಿ ಗ್ಲಾಸ್ಗೋದ ವಿದ್ಯಾರ್ಥಿ ಕೆನೆತ್ ಟೇಲರ್ ಪಶ್ಚಿಮ ಗ್ರೀನ್‌ಲ್ಯಾಂಡಿನ ಇಲ್ಲೋರ್‌ಸುಯಿಟ್ ಎಂಬ ಹಳ್ಳಿಗೆ ಹೋದ. ಅಲ್ಲಿನ ಎಮಾನುಯೆಲ್ ಕೊರ್ನೆಲಿಯುಸ್ಸೆನ್ ಅವನಿಗೊಂದು ಕಯಾಕ್ ಕಟ್ಟಿಕೊಟ್ಟರು. ಅದು ಸ್ಕಾಟ್ಲೆಂಡಿಗೆ ಬಂತು. ಡಂಕನ್ ವಿನ್ನಿಂಗ್ ಅದರ ಅಳತೆ ತೆಗೆದು ನಕ್ಷೆ ಬರೆದ. ಆ ನಕ್ಷೆಯಿಂದ ಬ್ರಿಟನ್ನಿನ ಫೈಬರ್‌ಗ್ಲಾಸ್ ಕಯಾಕ್‌ಗಳ ಒಂದು ವಂಶವೇ ಬೆಳೆಯಿತು. ಒಬ್ಬ ಹಳ್ಳಿಗನ ಕೈಚಳಕ ಕಾರ್ಖಾನೆಯ ಅಚ್ಚಾಯಿತು.

ತವರಿಗೆ ಮರಳಿದ್ದು

ಹೊರಗೆ ಕಯಾಕ್ ಹಬ್ಬುತ್ತಿದ್ದ ಹೊತ್ತಿಗೆ ಗ್ರೀನ್‌ಲ್ಯಾಂಡಿನಲ್ಲಿ ಅದು ಮರೆಯಾಗುತ್ತಿತ್ತು. ಸೀಲ್ ಬೇಟೆಯ ಜಾಗದಲ್ಲಿ ಕಾಡ್ ಮೀನುಗಾರಿಕೆ ಬಂತು, ಹುಟ್ಟಿನ ಜಾಗದಲ್ಲಿ ಮೋಟಾರ್ ಬಂತು. ಜನ ಸಣ್ಣ ಹಳ್ಳಿ ಬಿಟ್ಟು ಪಟ್ಟಣ ಸೇರಿದರು. ಅಪ್ಪ ಬಲ್ಲ ವಿದ್ಯೆ ಮಗನಿಗೆ ಬೇಡವಾಯಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಮಂಜುಗಡ್ಡೆಯ ನಡುವೆ ಜೀವ ಒತ್ತೆಯಿಟ್ಟು ದುಡಿದವರಿಗೆ ಮೋಟಾರ್ ದೋಣಿ ವರವೇ ಆಗಿತ್ತು.

1979ರಲ್ಲಿ ಗ್ರೀನ್‌ಲ್ಯಾಂಡಿಗೆ ಒಳಾಡಳಿತದ ಹಕ್ಕು ಸಿಕ್ಕಿತು. ತಮ್ಮತನವನ್ನು ಹುಡುಕುತ್ತಿದ್ದ ಯುವಕರು ವಸ್ತುಸಂಗ್ರಹಾಲಯದ ಹಳೆಯ ಕಯಾಕ್‌ಗಳತ್ತ ತಿರುಗಿದರು. 1980ರ ದಶಕದಲ್ಲಿ ನೂಕ್ ನಗರದಲ್ಲಿ ಮೊದಲು ಕ್ಲಬ್, ಹಿಂದೆಯೇ ದೇಶವ್ಯಾಪಿ ಒಕ್ಕೂಟ ಹುಟ್ಟಿದವು. ವಿದ್ಯೆ ಪೂರ್ತಿ ಆರಿಹೋಗಿರಲಿಲ್ಲ. ಮನಾಸ್ಸೆ ಮಥಾಯುಸ್ಸೆನ್ ಅವರಂಥ ಹಿರಿಯ ಬೇಟೆಗಾರರು ಇನ್ನೂ ಇದ್ದರು. ಅವರು ನೀರಿಗಿಳಿದು ಮಗುಚಿ ಎದ್ದು ತೋರಿಸಿದರು, ಹುಡುಗರು ಕಲಿತರು. ಅಂದಿನಿಂದ ನಡೆದುಬಂದಿರುವ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯಲ್ಲಿ ಮಗುಚಿ ಏಳುವ ಪರೀಕ್ಷೆಯಿದೆ. ಒಂದು ಬಗೆಯಲ್ಲಿ ತೋಳು ಕಟ್ಟಿಕೊಂಡೇ ಏಳಬೇಕು, ಇನ್ನೊಂದರಲ್ಲಿ ಕೈಯಲ್ಲಿ ಇಟ್ಟಿಗೆ ಹಿಡಿದು ಏಳಬೇಕು. ಹೊರದೇಶದ ಹವ್ಯಾಸಿಗಳೂ ಬಂದು ಸ್ಪರ್ಧಿಸುತ್ತಾರೆ. ಆದರೆ ನಿಯಮ ಬರೆಯುವವರು, ಅಂಕ ಕೊಡುವವರು ಗ್ರೀನ್‌ಲ್ಯಾಂಡಿನವರು.

ನನಗೆ ಈ ಇತಿಹಾಸದ ತಿರುಳು ಕಾಣುವುದು ಇಲ್ಲಿ. ಅನ್ನ ಕೊಡುವುದನ್ನು ನಿಲ್ಲಿಸಿದ ವಿದ್ಯೆ ಹವ್ಯಾಸವಾಗಿಯಾದರೂ ಉಳಿಯಬಲ್ಲದು. ಹವ್ಯಾಸವೆಂದರೆ ಹಗುರವೆಂದು ಮೂಗು ಮುರಿಯಬೇಕಿಲ್ಲ. ಪ್ರಶ್ನೆ ಇಷ್ಟೇ: ಆ ವಿದ್ಯೆ ಕಾಯಕದಿಂದ ಹವ್ಯಾಸಕ್ಕೆ ದಾಟುವಾಗ ಅದನ್ನು ಬೆಳೆಸಿದವರು ಗುರುಗಳಾಗಿ ಜೊತೆಯಲ್ಲಿ ದಾಟಿದರೋ, ಅಥವಾ ಹಳೆಯ ದಡದಲ್ಲೇ ಉಳಿದುಹೋದರೋ?

ಹಲಗೆಯ ಮೇಲೆ ನಿಂತವರು

ಮೂವರಲ್ಲಿ ಕಿರಿಯದು ಪ್ಯಾಡಲ್‌ಬೋರ್ಡ್. ಹವಾಯಿಯ ವೈಕಿಕಿ ತೀರದಲ್ಲಿ ಪ್ರವಾಸಿಗರಿಗೆ ಸರ್ಫಿಂಗ್ ಕಲಿಸುತ್ತಿದ್ದ ಅಹ್‌ಚಾಯ್ ಮನೆತನದವರು ಹಲಗೆಯ ಮೇಲೆ ನಿಂತು ದೋಣಿಯ ಹುಟ್ಟು ಹಾಕುತ್ತ ಶಿಷ್ಯರ ಮೇಲೆ ಕಣ್ಣಿಡುತ್ತಿದ್ದರು, ಅವರ ಫೋಟೋ ತೆಗೆಯುತ್ತಿದ್ದರು. ಅದೂ ದುಡಿಮೆಯ ಅನುಕೂಲಕ್ಕೆ ಹುಟ್ಟಿದ ಭಂಗಿ. ಸುಮಾರು ಎರಡು ಸಾವಿರದ ಇಸವಿಯ ಹೊತ್ತಿಗೆ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಅವರಂಥ ಸರ್ಫರ್‌ಗಳ ಕೈಯಲ್ಲಿ ಅದು ಬೇರೆಯದೇ ಆಟವಾಯಿತು. ಎಷ್ಟು ಬೇಗ ಬೆಳೆಯಿತೆಂದರೆ, ಇದು ಯಾರ ಆಟವೆಂದು ಸರ್ಫಿಂಗ್ ಮತ್ತು ಕನೂ ಅಂತರರಾಷ್ಟ್ರೀಯ ಸಂಸ್ಥೆಗಳು ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿದವು. 2020ರಲ್ಲಿ ಒಲಿಂಪಿಕ್ ಮಟ್ಟದ ಹಕ್ಕು ಸರ್ಫಿಂಗ್ ಸಂಸ್ಥೆಗೆ ಸಿಕ್ಕಿತು.

ಚೆನ್ನೈಯಲ್ಲಿರುವ ಓದುಗರಿಗೆ ಇದರ ದಾಯಾದಿ ಗೊತ್ತು. ಬಂದರು ಇಲ್ಲದಿದ್ದ ಹಳೆಯ ಮದರಾಸಿನಲ್ಲಿ ಬೆಸ್ತರು ನಾಲ್ಕೈದು ಮರದ ದಿಮ್ಮಿ ಬಿಗಿದ ಕಟ್ಟುಮರದ ಮೇಲೆ ಹುಟ್ಟು ಹಾಕುತ್ತ ಭೋರ್ಗರೆವ ಅಲೆಗಳನ್ನು ಸೀಳಿ, ದೂರದಲ್ಲಿ ನಿಂತ ಹಡಗುಗಳವರೆಗೆ ಹೋಗಿಬರುತ್ತಿದ್ದರು. ಆ ತಮಿಳು ಹೆಸರು ಇಂಗ್ಲಿಷಿಗೆ ಹೋಗಿ ಎರಡೊಡಲಿನ ಐಷಾರಾಮಿ ದೋಣಿಯ ಹೆಸರಾಯಿತು. ಹೆಸರು ದಾಟಿತು, ಬೆಸ್ತರು ದಾಟಲಿಲ್ಲ. ಆದರೆ ಇದೀಗ ಕೋವಳಂನಲ್ಲಿ ಅಲೆಯ ಮೇಲೆ ನಿಲ್ಲುವುದನ್ನು ಕಲಿಸುವವರಲ್ಲಿ ಮೀನುಗಾರರ ಮನೆಯ ಹುಡುಗರೇ ಮುಂದಿದ್ದಾರೆ. ನಗರದ ಎಂಜಿನಿಯರು ಅವರನ್ನು ಗುರುವೆಂದು ಒಪ್ಪಿ ನೀರಿಗಿಳಿಯುತ್ತಾನೆ. ಇದು ಸಣ್ಣ ಬದಲಾವಣೆಯಲ್ಲ.

ನಮ್ಮ ಹರಿಗೋಲು

ಇನ್ನು ಉಳಿದದ್ದು ನಮ್ಮ ಮನೆಯ ಮಾತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಯಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಯುತ್ತಿದ್ದರು. ಕುದುರೆ, ಎತ್ತುಗಳೂ ದಾಟುತ್ತಿದ್ದವು. ಹಂದರದ ಮೇಲೆ ಚರ್ಮ ಎಂಬ ಗ್ರೀನ್‌ಲ್ಯಾಂಡಿನ ಉಪಾಯ ತುಂಗಭದ್ರೆಯಲ್ಲೂ ಸ್ವತಂತ್ರವಾಗಿ ಹೊಳೆದಿತ್ತು. ಅಲ್ಲಿ ಒಬ್ಬ ಬೇಟೆಗಾರನಿಗೆ, ಇಲ್ಲಿ ಇಡೀ ಸಂತೆಗೆ. ಇಂದು ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. ಬಿದಿರಿನ ಹಂದರ ಹಾಗೆಯೇ ಇದೆ.

ಹಂಪಿಯ ಹರಿಗೋಲಿಗೆ ಇತಿಹಾಸ ಒಂದು ವಿಚಿತ್ರ ಅವಕಾಶ ಕೊಟ್ಟಿತು. ಹೊಸ ಸೇತುವೆಗಳ ಕಾರಣಕ್ಕೆ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಆನೆಗೊಂದಿಯ ಸೇತುವೆ ವರ್ಷಗಟ್ಟಲೆ ನಿಂತು, ಮತ್ತೆ ಶುರುವಾಗಿ, 2009ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಅಷ್ಟೂ ಕಾಲ ಜನ ಹರಿಗೋಲನ್ನೂ ದೋಣಿಯನ್ನೂ ನಂಬಿದ್ದರು. ಈಗ ಹರಿಗೋಲಿನಲ್ಲಿ ಕೂರುವವರು ಹೆಚ್ಚಾಗಿ ಪ್ರವಾಸಿಗರು. ಹಂಪಿಯಲ್ಲೂ ಹೊಗೆನಕಲ್‌ನಲ್ಲೂ ಅಂಬಿಗ ಒಂದು ಸುತ್ತು ಹಾಕಿ, ನಡುನೀರಿನಲ್ಲಿ ಹರಿಗೋಲನ್ನು ಬುಗುರಿಯಂತೆ ತಿರುಗಿಸಿ, ಹೊರಟ ದಡಕ್ಕೇ ತಂದು ಬಿಡುತ್ತಾನೆ. ನಮ್ಮ ದೋಣಿಯೂ ಹೊಳೆ ದಾಟುವುದನ್ನು ನಿಲ್ಲಿಸಿದೆ. ಆದರೆ ಹುಟ್ಟು ಅಂಬಿಗನ ಕೈಯಲ್ಲೇ ಉಳಿದಿದೆ, ನಾವು ಸವಾರಿಗೆ ದುಡ್ಡು ಕೊಡುತ್ತೇವೆ. ಕಯಾಕ್ ಕಲಿಯಲು ಶುಲ್ಕ ಕಟ್ಟುವ ನಮಗೆ ಹರಿಗೋಲನ್ನು ಕಲಿಯಬಹುದು ಎಂದು ತೋಚಿಯೇ ಇಲ್ಲ.

ಕಲಿಯುವಂಥದ್ದು ಅದರಲ್ಲಿದೆ. ಹರಿಗೋಲಿಗೆ ಮುಂದು ಹಿಂದು ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ಗರಗರ ತಿರುಗುತ್ತದೆಯೇ ಹೊರತು ಸಾಗುವುದಿಲ್ಲ. ಅಂಬಿಗ ಅಂಚಿಗೆ ಕೂತು ಮುಂದಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಸೆಳವನ್ನು ಎದುರಿಸದೆ, ಅದು ಒಯ್ಯುವಷ್ಟು ಮೇಲಿನಿಂದ ಹೊರಟು, ಬೇಕಾದ ಬಂಡೆಯ ಬುಡಕ್ಕೇ ತಲುಪುತ್ತಾನೆ. ಆ ಲೆಕ್ಕ ಯಾವ ಕೈಪಿಡಿಯಲ್ಲೂ ಇಲ್ಲ.

ಮುಂದಿನ ಸಲ ಊರಿಗೆ ಬಂದಾಗ, ನೀರು ಇಳಿದಿರುವ ದಿನ ನೋಡಿ, ತೇಲುವ ಜಾಕೆಟ್ ತೊಟ್ಟು ಹರಿಗೋಲು ಹತ್ತಿ. ದಡದ ಬಳಿಯ ನಿಂತ ನೀರಿನಲ್ಲಿ ಅರ್ಧ ಗಂಟೆ ಹುಟ್ಟು ನಿಮ್ಮ ಕೈಗೆ ಕೊಡುವಂತೆ ಕೇಳಿ. ಹರಿಗೋಲು ತಿರುಗುತ್ತದೆ, ದಡದವರು ನಗುತ್ತಾರೆ. ಇಳಿಯುವಾಗ ಸವಾರಿಯ ದುಡ್ಡು ಬೇರೆ, ಪಾಠದ ದುಡ್ಡು ಬೇರೆ ಎಂದು ಎಣಿಸಿ ಕೊಡಿ.